ಸುಟ್ಟದ್ದಕ್ಕೆ ಎಷ್ಟೊಂದು ಹೆಸರು

ಮೊನ್ನೆ ಭಾನುವಾರ ಗಂಡನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದವಳು, ಯಾರೋ ಬಾಗಿಲು ಬಡಿದರೆಂದು ಪೆಟ್ಟಿಗೆಯನ್ನು ಹಾಗೆಯೇ ಬಿಟ್ಟು ಎದ್ದು ಹೋದೆ. ಬರುವ ಹೊತ್ತಿಗೆ ಕೋಣೆಯ ತುಂಬ ವಾಸನೆ. ಪೆಟ್ಟಿಗೆ ಎತ್ತಿದರೆ ಅಂಗಿಯ ಬೆನ್ನ ಮೇಲೆ ಕಂದು ಬಣ್ಣದ, ಮೂತಿ ಚೂಪಾದ ಗುರುತು. ಬೇರೆ ಯಾರಾದರೂ ಆಗಿದ್ದರೆ ಅಯ್ಯೋ ಅನ್ನುತ್ತಿದ್ದರು. ನನ್ನ ಬಾಯಿಂದ ಬಂದದ್ದು, ಸ್ಕಾರ್ಚ್, ಚಾರ್ ಆಗಿಲ್ಲ ಸದ್ಯ, ಎಂಬ ಮಾತು. ಅಂಗಿ ಸುಟ್ಟಿತೋ ಇಲ್ಲವೋ ಅಷ್ಟು ಹೇಳು ಎಂದರು ಗಂಡ. ಸುಟ್ಟಿತು ಎಂದೆ. ಹಾಗಾದರೆ ಹೆಸರು ಯಾವುದಾದರೇನು, ಆಫೀಸಿಗೆ ಹಾಕಿಕೊಂಡು ಹೋಗಲಿಕ್ಕಂತೂ ಬರುವುದಿಲ್ಲ ಎಂದು ಬೇರೆ ಅಂಗಿ ಹುಡುಕಲು ಹೋದರು.

ಅವರ ಮಾತು ಸರಿಯೇ. ಆದರೆ ಈ ಹೆಸರುಗಳ ವಿಷಯದಲ್ಲಿ ನಾನು ಒಂದು ಕಾಲಕ್ಕೆ ಬಹಳ ಪಳಗಿದವಳು ಎನ್ನುವುದು ಅವರಿಗೆ ಅಷ್ಟಾಗಿ ಗೊತ್ತಿಲ್ಲ. ಗೊತ್ತಾಗದ ಹಾಗೆ ನಾನೇ ನೋಡಿಕೊಂಡಿದ್ದೇನೆ. ನಿಮಗೆ ಹೇಳುತ್ತೇನೆ, ಕೇಳಿ.

ಮೊದಲು ನನ್ನ ಸ್ವಭಾವ ಗೊತ್ತಿರಲಿ. ಅನುಮಾನ ನನಗೆ ಅಮ್ಮನಿಂದ ಬಂದದ್ದು. ತರಕಾರಿಯವನು ಎರಡು ಬದನೆಕಾಯಿ ಹೆಚ್ಚು ಹಾಕಿದರೆ ಹುಳ ಇರಬೇಕು ಎಂದು ಅಮ್ಮ ಹಿಂದಕ್ಕೆ ಕೊಡುತ್ತಿದ್ದಳು. ನಾನು ಅವಳಿಗಿಂತ ಒಂದು ಕೈ ಮುಂದೆ. ಯಾರಾದರೂ ಚೆನ್ನಾಗಿದ್ದೀಯಾ ಎಂದು ಕೇಳಿದರೆ ಇವರಿಗೆ ನನ್ನಿಂದ ಏನೋ ಆಗಬೇಕಾಗಿದೆ ಎಂದು ಲೆಕ್ಕ ಹಾಕುವವಳು. ಇದನ್ನು ನಾನು ದೋಷ ಎಂದುಕೊಂಡಿರಲಿಲ್ಲ, ಬುದ್ಧಿವಂತಿಕೆ ಎಂದುಕೊಂಡಿದ್ದೆ.

ಮೈಸೂರಿನಲ್ಲಿ ಸಸ್ಯಶಾಸ್ತ್ರ ಓದಿ, ಇಷ್ಟು ಗಿಡಗಳ ಹೆಸರು ಗೊತ್ತಿದ್ದೂ ಕೆಲಸ ಸಿಗದೆ ಕೂತಿದ್ದಾಗ ಹೈದರಾಬಾದಿನಿಂದ ಕರೆ ಬಂತು. ಆಗ ಆ ಊರಿನಲ್ಲಿ ಯಾವ ಕಟ್ಟಡ ನೋಡಿದರೂ ಗಾಜು ಹೊದಿಸುತ್ತಿದ್ದರು, ಯಾವ ಗೋಡೆ ನೋಡಿದರೂ ಕಂಪ್ಯೂಟರ್ ಕ್ಲಾಸಿನ ಭಿತ್ತಿಪತ್ರ. ಕಂಪ್ಯೂಟರ್ ಭಾಷೆ ಒಂದೂ ಬಾರದ ನನ್ನಂಥವರಿಗೂ ಅಲ್ಲೊಂದು ಮೂಲೆ ಇತ್ತು. ಅಮೆರಿಕದ ಡಾಕ್ಟರುಗಳು ರೋಗಿಯನ್ನು ನೋಡಿದ ಮೇಲೆ ಕಂಡದ್ದನ್ನೆಲ್ಲ ಬಾಯಲ್ಲಿ ಹೇಳಿ ಧ್ವನಿಮುದ್ರಿಸುತ್ತಿದ್ದರು. ಅದು ಬೇಗಂಪೇಟೆಯ ಒಂದು ಆಫೀಸಿಗೆ ಬರುತ್ತಿತ್ತು. ನಾವು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಹೊಲಿಗೆ ಯಂತ್ರದವರ ಹಾಗೆ ಕಾಲಲ್ಲಿ ಪೆಡಲ್ ಒತ್ತುತ್ತ, ಕೇಳಿದ್ದನ್ನು ಟೈಪ್ ಮಾಡಿ ಕಳಿಸಬೇಕು. ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಎಂದು ಹೆಸರು. ಅಮ್ಮ ನೆಂಟರಿಗೆಲ್ಲ ಮಗಳು ಅಮೆರಿಕದ ಆಸ್ಪತ್ರೆಯಲ್ಲಿದ್ದಾಳೆ ಎಂದು ಹೇಳಿದ್ದಕ್ಕೆ ಅರ್ಧ ಜನ ನನಗೇನೋ ಕಾಯಿಲೆ ಎಂದು ತಿಳಿದರು.

ನನ್ನನ್ನು ಹಾಕಿದ್ದು ಸುಟ್ಟ ಗಾಯಗಳ ವಿಭಾಗಕ್ಕೆ. ನಮಗೆ ಪಾಠ ಹೇಳುತ್ತಿದ್ದವರು ಸುಗುಣ ಸಿಸ್ಟರ್, ನಿವೃತ್ತರಾದ ನರ್ಸ್, ಗುಂಟೂರಿನವರು. ಒಂದು ಮೇಣದ ಬತ್ತಿ ಹಚ್ಚಿಟ್ಟುಕೊಂಡು ಪಾಠ ಶುರು ಮಾಡುತ್ತಿದ್ದರು. ಬಾಚಣಿಗೆಯಿಂದ ನಾಲ್ಕು ಕೂದಲು ತೆಗೆದು ಜ್ವಾಲೆಯ ಹತ್ತಿರ ಹಿಡಿದು, ತುದಿ ಸುರುಟಿಕೊಂಡಾಗ, ಇದು ಸಿಂಜ್. ಕರವಸ್ತ್ರದ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟು ಬಣ್ಣ ತಿರುಗಿದಾಗ, ಇದು ಸ್ಕಾರ್ಚ್. ಬೆಂಕಿಕಡ್ಡಿ ಕಪ್ಪಾಗಿ ಬಾಗಿದಾಗ, ಚಾರ್. ಬಾಣಲೆಯಲ್ಲಿ ಮಾಂಸದ ಮೇಲ್ಮೈ ಮಾತ್ರ ಚುರ್ರೆಂದು ಬಿಗಿದರೆ ಸೀರ್. ಬೆಂಕಿಯೇ ಇಲ್ಲದೆ ನೀರು, ಹಬೆ, ಎಣ್ಣೆ ಸುಟ್ಟರೆ ಸ್ಕಾಲ್ಡ್. ಉರಿ ಕಾಣದೆ ಒಳಗೊಳಗೇ ಉರಿಯುತ್ತಿದ್ದರೆ ಸ್ಮೋಲ್ಡರ್. ಒಂದರ ಜಾಗದಲ್ಲಿ ಇನ್ನೊಂದು ಹಾಕಿದರೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ನೀವು ರೋಗಿಗೆ ಬೇರೆ ಗಾಯ ಮಾಡಿದಿರಿ ಎನ್ನುತ್ತಿದ್ದರು.

ಇಷ್ಟೊಂದು ಬಗೆ ನೋಡಿ ನನಗೆ ಮೊದಲು ನಾಚಿಕೆಯಾಯಿತು. ನಾವು ಎಲ್ಲಕ್ಕೂ ಸುಟ್ಟಿತು ಅಂದು ಕೈ ತೊಳೆದುಕೊಳ್ಳುತ್ತೇವಲ್ಲ ಎಂದು. ಬಸ್ಸಿನಲ್ಲಿ ಕೂತು ಎಣಿಸಿದ ಮೇಲೆ ಜೀವ ತಣ್ಣಗಾಯಿತು. ನಮ್ಮಲ್ಲಿ ಅನ್ನ ಸೀಯುತ್ತದೆ, ಹಾಲು ತಳ ಹಿಡಿಯುತ್ತದೆ, ಕೂದಲು ಕಮರುತ್ತದೆ, ಕಟ್ಟಿಗೆ ಕರಕಲಾಗುತ್ತದೆ, ಬಿಸಿಲಿಗೆ ಅಂಗಾಲು ಚುರುಗುಟ್ಟುತ್ತದೆ, ಹಸಿ ಸೌದೆ ಹೊಗೆಯಾಡುತ್ತದೆ, ಪಕ್ಕದ ಮನೆಯವರು ಫ್ರಿಜ್ ತಂದರೆ ಹೊಟ್ಟೆ ಉರಿಯುತ್ತದೆ. ಬೇಕೆಂದೇ ಒಬ್ಬರು ಇನ್ನೊಬ್ಬರ ಮೈ ಸುಟ್ಟರೆ ಅದಕ್ಕೂ ಬೇರೆ ಹೆಸರಿದೆ, ಬರೆ. ಇದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಎಂದು ಸಿಸ್ಟರನ್ನು ಕೇಳಿದೆ. ದನಗಳಿಗೆ ಹಾಕುವ ಮುದ್ರೆಗೆ ಒಂದು ಪದ ಇದೆ, ಮನುಷ್ಯರದ್ದಾದರೆ ಡಾಕ್ಟರು ವಾಕ್ಯವನ್ನೇ ಬರೆಯಬೇಕಾಗುತ್ತದೆ ಎಂದರು.

ಆ ವಾಕ್ಯಗಳೇ ನನ್ನನ್ನು ಕೆಡಿಸಿದ್ದು. ಅಲ್ಲಿನ ಡಾಕ್ಟರು ಗಾಯವನ್ನಷ್ಟೇ ನೋಡುವುದಿಲ್ಲ, ಹೇಗಾಯಿತು ಎಂದು ರೋಗಿ ಹೇಳುವ ಕಥೆಯನ್ನೂ ಪಕ್ಕದಲ್ಲಿಟ್ಟು ನೋಡುತ್ತಾರೆ. ಚೆಲ್ಲಿದ ನೀರು ಕೆಳಕ್ಕೆ ಹರಿಯುತ್ತದೆ, ಹಾಗಾಗಿ ಗಾಯದ ಅಂಚು ಅಂಕುಡೊಂಕು. ಸಿಡಿದ ಎಣ್ಣೆ ಚುಕ್ಕೆ ಚುಕ್ಕೆ. ಕಾದ ಲೋಹ ಮುಟ್ಟಿದರೆ ಅಂಚು ಗೆರೆ ಎಳೆದ ಹಾಗೆ. ಕಥೆಗೂ ಗಾಯಕ್ಕೂ ತಾಳೆಯಾಗದಿದ್ದರೆ, ತಾಳೆಯಾಗುತ್ತಿಲ್ಲ ಎಂದು ಒಂದು ಸಾಲು ಹೇಳಿ ಮುಂದಕ್ಕೆ ಹೋಗುತ್ತಾರೆ. ಆ ಸಾಲು ಬಂದಾಗಲೆಲ್ಲ ನನ್ನ ಕಾಲು ಪೆಡಲಿನ ಮೇಲೆ ನಿಂತುಬಿಡುತ್ತಿತ್ತು. ಯಾರು ಮಾಡಿರಬಹುದು? ಗಂಡನೋ, ಮಲತಾಯಿಯೋ? ಮುಂದಿನದು ನಮಗೆ ಯಾವತ್ತೂ ಬರುತ್ತಿರಲಿಲ್ಲ. ನಮ್ಮ ಕೆಲಸದಲ್ಲಿ ಒಂದು ಕಟ್ಟುನಿಟ್ಟಿತ್ತು. ಮಾತು ಕೇಳಿಸದಿದ್ದರೆ ಅಲ್ಲಿ ಗೆರೆ ಎಳೆದು ಖಾಲಿ ಬಿಡಬೇಕು, ಊಹಿಸಿ ತುಂಬಬಾರದು. ನನ್ನ ಹಾಳೆಗಳಲ್ಲಿ ಖಾಲಿ ಜಾಗವೇ ಇರುತ್ತಿರಲಿಲ್ಲ. ಇಷ್ಟು ಚುರುಕು ಕಿವಿ ಯಾರಿಗೂ ಇರುವುದಿಲ್ಲ ಎಂದು ಸಿಸ್ಟರ್ ಒಮ್ಮೆ ಹೇಳಿದ್ದನ್ನು ನಾನು ಹೊಗಳಿಕೆ ಎಂದುಕೊಂಡೆ.

ಆಗ ನಾನಿದ್ದದ್ದು ಕಾಚಿಗೂಡದಲ್ಲಿ, ರಾಯಚೂರು ಕಡೆಯ ಶರಣಮ್ಮನವರ ಮನೆಯ ಮುಂದಿನ ಕೋಣೆಯಲ್ಲಿ, ಬಾಡಿಗೆಗೆ. ಮನೆಯಲ್ಲಿ ಅವರು, ಮಗ ಬಸಣ್ಣ, ಸೊಸೆ ಸುವರ್ಣಾ. ಶರಣಮ್ಮನವರ ಗಂಟಲು ಬೀದಿಯ ಆಚೆ ತುದಿಗೆ ಕೇಳುವಂಥದ್ದು. ಹಾಲಿನವನೊಂದಿಗೆ ದಖನಿ ಉರ್ದುವಿನಲ್ಲಿ, ತರಕಾರಿಯವಳೊಂದಿಗೆ ತೆಲುಗಿನಲ್ಲಿ, ಸೊಸೆಯೊಂದಿಗೆ ಕನ್ನಡದಲ್ಲಿ ಜಗಳ. ಬಸಣ್ಣ ಇದಕ್ಕೆ ಪೂರ್ತಿ ತದ್ವಿರುದ್ಧ. ಔಷಧಿ ಸಗಟು ವ್ಯಾಪಾರದ ಆಫೀಸಿನಲ್ಲಿ ಗುಮಾಸ್ತ. ಬೆಳಿಗ್ಗೆ ಪೇಪರ್ ಓದುವಾಗ ಗೊತ್ತಿಲ್ಲದ ಇಂಗ್ಲಿಷ್ ಪದಕ್ಕೆ ಗೆರೆ ಎಳೆದು ಸಂಜೆ ನನ್ನ ಹತ್ತಿರ ಅರ್ಥ ಕೇಳುತ್ತಿದ್ದರು. ಮೇಡಂ ಎನ್ನದೆ ಮಾತಾಡಿಸಿದವರಲ್ಲ. ಧ್ವನಿ ಎತ್ತಿದ್ದನ್ನು ನಾನು ಒಂದು ಸಲವೂ ಕೇಳಲಿಲ್ಲ. ಇಂಥ ತಾಯಿಗೆ ಇಂಥ ಮಗ ಹೇಗೆ ಹುಟ್ಟಿದ ಎಂದು ನನಗೆ ಆಶ್ಚರ್ಯ. ಎಲ್ಲರ ಮೇಲೂ ಅನುಮಾನ ಪಡುವ ನಾನು ಅವರ ಮೇಲೆ ಪಡಲಿಲ್ಲ, ಯಾಕೆಂದರೆ ಅವರು ನನ್ನ ಇಂಗ್ಲಿಷನ್ನು ಮೆಚ್ಚಿದ್ದರು.

ಒಂದು ಸಂಜೆ ಸುವರ್ಣಾ ಚಹಾ ಕೊಡುವಾಗ ಎಡಗೈ ನೋಡಿದೆ. ಹೆಬ್ಬೆರಳಿನ ಪಕ್ಕ ಒಂದು, ಮಣಿಕಟ್ಟಿನ ಹತ್ತಿರ ಒಂದು, ಪುಟ್ಟ ನೇರ ಗೆರೆಗಳು. ಅಂಚು ಚೊಕ್ಕ. ಏನಾಯಿತು ಎಂದು ಕೇಳಿದೆ. ಅವಳು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಶರಣಮ್ಮನವರ ಉತ್ತರ ಬಂತು, ಒಗ್ಗರಣೆ ಸಿಡಿಯಿತಂತೆ. ಸುವರ್ಣಾ ತಲೆಯಾಡಿಸಿ ಸೆರಗಿನಲ್ಲಿ ಕೈ ಮುಚ್ಚಿಕೊಂಡಳು. ನೋಡಿದಿರಾ? ಒಗ್ಗರಣೆ ಸಿಡಿದರೆ ಚುಕ್ಕೆ, ಗೆರೆ ಅಲ್ಲ. ಕಾದ ಲೋಹದ್ದು ಇದು. ಕಥೆಗೂ ಗಾಯಕ್ಕೂ ತಾಳೆ ಇಲ್ಲ. ಮುಂದಿನ ವಾರ ಇನ್ನೊಂದು ಗೆರೆ ಬಂತು, ಇನ್ನೊಂದು ಕಥೆಯೂ ಬಂತು. ಈ ಸಲ ಹಂಚು ತಗುಲಿತಂತೆ. ರೊಟ್ಟಿಯ ಹಂಚಿನ ಅಂಚು ಬಾಗಿರುತ್ತದೆ ಎನ್ನುವುದು ನನಗೆ ಗೊತ್ತಿಲ್ಲವೇ?

ಇದಾದ ಮೇಲೆ ಒಂದು ದಿನ ಜ್ವರ ಬಂದು ಮಧ್ಯಾಹ್ನವೇ ಮನೆಗೆ ಬಂದೆ. ಮೆಟ್ಟಿಲು ಹತ್ತುವಾಗಲೇ ಶರಣಮ್ಮನವರು ಸೊಸೆಯನ್ನು ಬೈಯುತ್ತಿದ್ದುದು ಕೇಳಿಸಿತು. ನಾಲ್ಕು ರೊಟ್ಟಿ ತಟ್ಟಲಿಕ್ಕೆ ಎಷ್ಟು ಹೊತ್ತು, ಕೈಗೇನು ಲಕ್ವ ಹೊಡೆದಿದೆಯೇ, ಹೀಗೆ. ಒಳಗೆ ಹೋದರೆ ಅಡುಗೆಮನೆಯಲ್ಲಿ ಅವರೊಬ್ಬರೇ ಹಿಟ್ಟು ನಾದುತ್ತ ಕೂತಿದ್ದಾರೆ. ಸುವರ್ಣಾ ಎಲ್ಲಿಯೂ ಇಲ್ಲ. ನನ್ನನ್ನು ಕಂಡು ಅವರ ಮುಖದ ಬಣ್ಣ ಹೋಯಿತು. ಗುಡಿಗೆ ಹೋಗಿದ್ದಾಳೆ ಎಂದರು. ಗುಡಿಗೆ ಹೋದವಳನ್ನು ಮನೆಯಲ್ಲಿ ಕೂತು ಯಾರಾದರೂ ಬೈಯುತ್ತಾರೆಯೇ? ನನಗೆ ಜ್ವರ ಇಳಿದೇ ಹೋಯಿತು. ಅವರು ಆಚೆ ಹೋದಾಗ ಸಾಮಾನಿನ ಕೋಣೆಯ ಬಾಗಿಲಿಗೆ ಕಿವಿಯಿಟ್ಟು ಕೇಳಿದೆ, ಕೂಡಿಹಾಕಿದ್ದಾರೇನೋ ಎಂದು. ಈಗ ನೆನೆಸಿಕೊಂಡರೆ ನಗು ಬರುತ್ತದೆ, ಜೋಳದ ಚೀಲಕ್ಕೆ ಕಿವಿಗೊಟ್ಟು ನಿಂತ ನನ್ನ ಆಕಾರ. ಐದು ಗಂಟೆಗೆ ಸುವರ್ಣಾ ಮೆಟ್ಟಿಲು ಹತ್ತಿ ಬಂದಳು. ಶರಣಮ್ಮನವರು ಅವಳ ತೋಳು ಹಿಡಿದು ಸರಕ್ಕನೆ ಒಳಗೆ ಎಳೆದುಕೊಂಡು ಅಡುಗೆಮನೆಯ ಬಾಗಿಲು ಹಾಕಿದರು. ಪಿಸುಮಾತು, ನೀರಿನ ಸದ್ದು, ಆಮೇಲೆ ಸುವರ್ಣಾ ಹಲ್ಲು ಕಚ್ಚಿ ಉಸಿರೆಳೆದ ಸದ್ದು. ನನ್ನ ಮನಸ್ಸಿನಲ್ಲಿ ಬರೆ ಎಂಬ ಪದ ಬಂದು ಕೂತಿತು.

ಸುವರ್ಣಾಳನ್ನೇ ಒಂಟಿಯಾಗಿ ಹಿಡಿದು ಕೇಳಬಹುದಿತ್ತು. ಕೇಳಲಿಲ್ಲ. ಹೆದರಿದವರು ನಿಜ ಹೇಳುವುದಿಲ್ಲ ಎಂದು ನಾನೇ ತೀರ್ಮಾನಿಸಿದ್ದೆ. ಮುಂದಿನ ಭಾನುವಾರ ಬಸಣ್ಣ ಮಹಡಿಯ ಮೇಲೆ ಪೇಪರ್ ಓದುತ್ತಿದ್ದಾಗ ಬಟ್ಟೆ ಒಣಹಾಕುವ ನೆಪದಲ್ಲಿ ಹೋಗಿ ಎಲ್ಲವನ್ನೂ ಹೇಳಿದೆ. ಗೆರೆಗಳು, ಸುಳ್ಳು ಕಥೆಗಳು, ನಿಮ್ಮ ತಾಯಿಯ ಮೇಲೆ ನನಗಿರುವ ಅನುಮಾನ. ಸ್ಕಾಲ್ಡ್‌ಗೂ ಕಾದ ಲೋಹದ ಗಾಯಕ್ಕೂ ಇರುವ ವ್ಯತ್ಯಾಸವನ್ನೂ ವಿವರಿಸಿದೆ ಅನ್ನಿ, ಆ ಹೊತ್ತಿನಲ್ಲೂ. ಅವರು ಪೇಪರನ್ನು ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟರು. "ಹೇಳಿದ್ದು ಚೊಲೋ ಆತ್ರಿ ಮೇಡಂ. ಒಂದ್ ಐದ್ ಮಿನಿಟ್ ಒಳಗ ಬರ್ರಿ," ಎಂದರು.

ನಾನು ಹೇಳಿ ಕೋಣೆಗೆ ಹೋಗಿಬಿಡಬಹುದು ಎಂದುಕೊಂಡಿದ್ದೆ. ಅವರು ಪಡಸಾಲೆಯಲ್ಲಿ ನನಗೆ ಕುರ್ಚಿ ಹಾಕಿ, ತಾಯಿಯನ್ನೂ ಹೆಂಡತಿಯನ್ನೂ ಕರೆದು ಎದುರಿಗೆ ನಿಲ್ಲಿಸಿ, ಮೇಡಂ ತಮಗೆ ಹೇಳಿದ್ದನ್ನು ಇನ್ನೊಂದು ಸಲ ಹೇಳಲಿ ಎಂದರು. ಹೇಳಿದೆ. ಬಸಣ್ಣ ಹೆಂಡತಿಯ ಎಡಗೈ ಹಿಡಿದು ಬೆಳಕಿಗೆ ತಿರುಗಿಸಿ ನೋಡುತ್ತ, ಹೇಗಾಯಿತು ಎಂದು ಮೆಲ್ಲಗೆ ಕೇಳಿದರು. ಶರಣಮ್ಮನವರು ನನ್ನನ್ನು ನೋಡಿದರು, ಸೊಸೆಯನ್ನು ನೋಡಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದರು.

"ಹೌದು, ನಾನ ಸುಟ್ಟೀನಿ. ಹೇಳಿದ ಕೆಲಸ ಮಾಡಂಗಿಲ್ಲ ಆಕಿ, ಅದಕ್ಕ. ಏನೀಗ?"

ನಿಮ್ಮಿಂದ ಮುಚ್ಚಿಡುವುದೇನು, ಆ ಕ್ಷಣ ನನಗೆ ಸಂತೋಷವಾಯಿತು. ನಾನು ಹೇಳಿದ್ದೇ ಸರಿಯಾಯಿತಲ್ಲ ಎಂದು. ಅಷ್ಟರಲ್ಲಿ ಸುವರ್ಣಾ ಗಂಡನ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು.

"ಅತ್ತಿ ಸುಳ್ಳ ಹೇಳಾಕತ್ತಾರ. ಇವು ಬಾಲಾನಗರದಾಗ ಕಾದ ಬೆಸುಗಿ ಕಡ್ಡಿ ತಗಲಿ ಆದ ಗಾಯ. ನಾ ಅಲ್ಲಿ ಬೆಸುಗಿ ಕೆಲಸ ಕಲಿಯಾಕತ್ತೀನಿ, ಮೂರು ತಿಂಗಳಾತು. ಅತ್ತೀಗೆ ಈ ಕೆಟ್ಟ ಹೆಸರು ಬ್ಯಾಡ."

ಅವಳು ರಾಯಚೂರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವಳು ಎನ್ನುವುದೇ ನನಗೆ ಗೊತ್ತಿರಲಿಲ್ಲ. ನಾನು ಕೈ ನೋಡಿದ್ದೆ, ಅವಳನ್ನು ಏನು ಓದಿದ್ದೀಯ ಎಂದು ಒಂದು ದಿನವೂ ಕೇಳಿರಲಿಲ್ಲ. ಮದುವೆಯಾದ ಹೊಸದರಲ್ಲಿ ಕೆಲಸದ ಮಾತೆತ್ತಿದ್ದಕ್ಕೆ ಬಸಣ್ಣ ಬೇಡ ಎಂದಿದ್ದರಂತೆ. ಅದನ್ನು ಮತ್ತೆ ಎತ್ತಿದವರು ಶರಣಮ್ಮನವರು. ಬಾಲಾನಗರದ ಒಂದು ವರ್ಕ್‌ಶಾಪಿನಲ್ಲಿ, ದೊಡ್ಡ ಕಾರ್ಖಾನೆಗೆ ಬೇಕಾದ ಸರ್ಕ್ಯೂಟ್ ಹಲಗೆಗಳಿಗೆ ತಂತಿ ಬೆಸೆಯಲು ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುತ್ತಾರೆ ಎಂದು ಕೇಳಿ, ಮೊದಲು ತಾವೇ ಹೋಗಿ ಗೇಟಿನ ಹತ್ತಿರ ಅರ್ಧ ದಿನ ಕೂತು, ಒಳಗಿನವರು ಹೆಣ್ಣುಮಕ್ಕಳನ್ನು ಹೇಗೆ ಮಾತಾಡಿಸುತ್ತಾರೆ ಎಂದು ನೋಡಿಕೊಂಡು ಬಂದಿದ್ದರು. ಆಮೇಲೆ ಸೊಸೆಯನ್ನು ಕಳಿಸಿದರು. ಮಗ ಒಂಬತ್ತಕ್ಕೆ ಆಫೀಸಿಗೆ ಹೊರಟ ಮೇಲೆ ಸುವರ್ಣಾ ಬಸ್ಸು ಹಿಡಿಯುವುದು, ಐದಕ್ಕೆ ವಾಪಸು. ಮನೆಗೆಲಸವೆಲ್ಲ ಅತ್ತೆಯದು. ಬಸಣ್ಣ ಪಕ್ಕದ ಮನೆಯವರಿಗೆ ಹೆಂಡತಿಯ ಮೇಲೆ ಒಂದು ಕಣ್ಣಿಡಲು ಹೇಳಿದ್ದರು. ಅವರ ಕಿವಿಗೆ ಬೀಳಲಿ ಎಂದು ಶರಣಮ್ಮನವರು ದಿನವಿಡೀ ಬರಿದಾದ ಮನೆಯಲ್ಲಿ ಸುವರ್ಣಾ ಸುವರ್ಣಾ ಎಂದು ಕೂಗಿ ಬೈಯುತ್ತಿದ್ದರು. ಇನ್ನು ಎಂಟು ದಿನಕ್ಕೆ ಪರೀಕ್ಷೆ ಇತ್ತು. ಒಂದು ಹಲಗೆ ಕೊಟ್ಟು, ಹಾಕಿದ ಬೆಸುಗೆಯನ್ನೆಲ್ಲ ಭೂತಗನ್ನಡಿಯಲ್ಲಿ ನೋಡುತ್ತಾರೆ. ಪಾಸಾದರೆ ಖಾಯಂ. ಖಾಯಂ ಆದ ಮೇಲೆ ಮಗನಿಗೆ ಹೇಳುವುದು ಎಂದು ಅತ್ತೆ ಸೊಸೆ ಮಾತಾಡಿಕೊಂಡಿದ್ದರು. ಆ ಎಂಟು ದಿನಕ್ಕಾಗಿ ಶರಣಮ್ಮನವರು ಬರೆ ಹಾಕಿದವಳು ಎಂದು ಕರೆಸಿಕೊಳ್ಳಲು ತಯಾರಿದ್ದರು.

ಬಸಣ್ಣ ಕೂಗಾಡಲಿಲ್ಲ. ಎಲ್ಲ ಕೇಳಿಸಿಕೊಂಡು, ನನಗೆ ಪದದ ಅರ್ಥ ಕೇಳುವಾಗಿನ ಅದೇ ಧ್ವನಿಯಲ್ಲಿ ಹೇಳಿದರು. "ನಾಳಿಂದ ಹೋಗೋದು ಬ್ಯಾಡ. ಚಾ ಮಾಡು, ಮೇಡಂಗೂ ಒಂದ್ ಕಪ್."

ಸುವರ್ಣಾ ಒಳಗೆ ಹೋಗಿ ಚಹಾ ಮಾಡಿದಳು. ನಾನು ಅದನ್ನು ಕುಡಿದೆ. ಬೇಡ ಎನ್ನುವ ಧೈರ್ಯವೂ ಬರಲಿಲ್ಲ ನನಗೆ. ಶರಣಮ್ಮನವರು ಮೂರು ದಿನ ಊಟ ಬಿಟ್ಟರು, ಮಗನೊಂದಿಗೆ ಮಾತು ಬಿಟ್ಟರು. ಬಸಣ್ಣ ಹತ್ತು ದಿನ ರಜೆ ಹಾಕಿ ಮನೆಯಲ್ಲೇ ಪೇಪರ್ ಓದುತ್ತ ಕೂತರು. ಪರೀಕ್ಷೆಯ ದಿನ ಬಂತು, ಹೋಯಿತು. ಆ ಮನೆಯ ಗದ್ದಲವೂ ನಿಂತಿತು. ಈಗ ಬೈಯಬೇಕಾದ ಕಾರಣವೇ ಇರಲಿಲ್ಲವಲ್ಲ.

ತಿಂಗಳ ಕೊನೆಗೆ ನಾನು ಬೇಗಂಪೇಟೆಯ ಹಾಸ್ಟೆಲಿಗೆ ಹೊರಟೆ. ಶರಣಮ್ಮನವರು ಆಟೋದ ತನಕ ಬಂದರು. ಕ್ಷಮಿಸಿ ಎಂದೆ. ಬೈಯುತ್ತಾರೆಂದು ಕಾದೆ, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. "ನಿನ್ನ ಮ್ಯಾಲ ಸಿಟ್ಟಿಲ್ಲ ತಂಗಿ," ಎಂದರು. "ಅತ್ತಿ ಮ್ಯಾಲ ಯಾರಾದ್ರೂ ಅನುಮಾನ ಪಡತಾರ. ಆದ್ರ ನನ್ನ ಮಗನ್ನ ನಂಬಿದೆಲ್ಲ ನೀ. ಹೆತ್ತಾಕಿ ನಾನ ನಂಬಿದ್ದಿಲ್ಲ."

ಅಂದಿನಿಂದ ಇಂದಿನವರೆಗೆ ಹೈದರಾಬಾದಿನಲ್ಲೇ ಇದ್ದೇನೆ. ಮದುವೆಯಾಯಿತು, ಮಕ್ಕಳಾದರು, ಡಾಕ್ಟರ ಮಾತನ್ನು ಟೈಪ್ ಮಾಡುವ ಕೆಲಸ ಯಂತ್ರದ ಪಾಲಾಯಿತು. ಮೈಸೂರಿಗೆ ಹೋಗುವ ರೈಲು ಕಾಚಿಗೂಡದಿಂದ ಹೊರಡುತ್ತದೆ ಎನ್ನುವ ಒಂದೇ ಕಾರಣಕ್ಕೆ ನಾನು ಬಸ್ಸಿನಲ್ಲಿ ಹೋಗುತ್ತೇನೆ. ಗಂಡ ಕೇಳಿದರೆ ರೈಲಿನಲ್ಲಿ ತಿಗಣೆ ಎನ್ನುತ್ತೇನೆ. ಆದರೆ ಮೊನ್ನೆ ಅಂಗಿ ಸುಟ್ಟ ಮೇಲೆ ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ. ಬುಧವಾರ ಯಾರಿಗೂ ಹೇಳದೆ ಕಾಚಿಗೂಡದ ಆ ಮನೆಗೆ ಹೋದೆ.

ಮೆಟ್ಟಿಲು ಅದೇ. ಬಾಗಿಲು ತೆಗೆದವಳು ಸುವರ್ಣಾ. ಕೂದಲು ಅರ್ಧ ನೆರೆತಿದೆ. ಒಂದು ಗಳಿಗೆ ನೋಡಿ ಗುರುತು ಹಿಡಿದಳು, ಬರ್ರಿ ಅಕ್ಕಾರ ಎಂದಳು. ಶರಣಮ್ಮನವರು ತೀರಿಕೊಂಡು ಆರು ವರ್ಷವಾಯಿತಂತೆ. ಕೊನೆಯ ತನಕ ನನ್ನನ್ನು ಕೈ ನೋಡೋ ಹುಡುಗಿ ಎಂದು ನೆನೆಸಿಕೊಂಡು ನಗುತ್ತಿದ್ದರಂತೆ. ಏನೋ ಹೇಳಲು ಹೊರಟಿದ್ದಳು, ಒಳಗಿನಿಂದ ಸುವರ್ಣಾ ಎಂದು ಒಂದು ಕರೆ ಬಂತು. ಬಸಣ್ಣನವರ ಅದೇ ಮೆಲುವಾದ, ಸಭ್ಯವಾದ ಧ್ವನಿ. ಅರ್ಧ ಮಾತಿನಲ್ಲಿ ಎದ್ದು ಹೋದಳು. ಆ ಧ್ವನಿ ಕೇಳಿ ಒಂದು ಕಾಲಕ್ಕೆ ಎಷ್ಟು ಗೌರವ ಬರುತ್ತಿತ್ತು ನನಗೆ. ಈಗ ಕಾಲ ಹತ್ತಿರವಿದ್ದ ಚೀಲವನ್ನು ಮಡಿಲಿಗೆ ಎಳೆದುಕೊಂಡೆ. ಯಾರು ಬಂದಿದ್ದಾರೆ, ಯಾಕೆ ಬಂದಿದ್ದಾರೆ, ಎಷ್ಟು ಹೊತ್ತು ಇರುತ್ತಾರೆ ಎಂದು ಕೇಳುತ್ತಿರುವುದು ಗೋಡೆಯಾಚೆಯಿಂದ ಸ್ಪಷ್ಟವಾಗಿ ಕೇಳಿಸಿತು. ಎದ್ದು ಹೊರಟುಬಿಡೋಣ ಅನ್ನಿಸಿತು. ಹೊರಡಲಿಲ್ಲ. ಅವಳು ವಾಪಸು ಬರುವ ತನಕ ಕೂತಿದ್ದೆ. ಬಂದ ಮೇಲೆ, ಅಂದು ಮಾಡದ ಕೆಲಸವನ್ನು ಮಾಡಿದೆ. ನಿನಗೆ ಏನಾದರೂ ಬೇಕಾಗಿದೆಯೇ, ನನ್ನ ಕೈಲಾಗುವಂಥದ್ದು ಇದೆಯೇ ಎಂದು ಅವಳನ್ನೇ ಕೇಳಿದೆ.

ಸುವರ್ಣಾ ಯೋಚನೆ ಮಾಡಿದಳು. ನನ್ನನ್ನು ಬೈಯಲಿಕ್ಕಲ್ಲ, ನಿಜವಾಗಿಯೂ ಉತ್ತರ ಹುಡುಕುತ್ತಿದ್ದಳು.

"ಏನೂ ಬ್ಯಾಡ್ರಿ ಅಕ್ಕಾರ," ಎಂದಳು. "ಆ ಪರೀಕ್ಷಿಗೆ ಕುಂತಿದ್ರ ನಾ ಪಾಸಾಗತಿದ್ನೋ ಇಲ್ಲೋ, ಅದೊಂದು ಗೊತ್ತಾಗಬೇಕಿತ್ರಿ."

ಅದು ನನಗೂ ಗೊತ್ತಿಲ್ಲ. ಯಾರಿಗೂ ಯಾವತ್ತಿಗೂ ಗೊತ್ತಾಗದ ಹಾಗೆ ಮಾಡಿದವಳು ನಾನು.